ಡೈರೆಕ್ಟರಿ ಸರ್ವರ್‌ನ ಥ್ರೆಡ್ ಸಂಖ್ಯೆ: ಯಾವಾಗ ಏರಿಸಬೇಕು, ಯಾವಾಗ ಮುಟ್ಟಬಾರದು

ಎಲ್‌ಡ್ಯಾಪ್ ಸರ್ವರ್ (ಬಳಕೆದಾರರು, ಗ್ರೂಪ್‌ಗಳು, ಲಾಗಿನ್ ವಿವರಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಡೈರೆಕ್ಟರಿ ಸರ್ವರ್) ನಿಧಾನ ಅಂತ ದೂರು ಬಂದ ಕೂಡಲೇ ಬಹಳ ಜನ ಮೊದಲು ಕೈ ಹಾಕುವುದು ಥ್ರೆಡ್ ಸಂಖ್ಯೆಗೆ, ಅಂದರೆ ಸರ್ವರ್ ಒಳಗೆ ಒಟ್ಟೊಟ್ಟಿಗೆ ಕೆಲಸ ಮಾಡುವ ಎಳೆಗಳ ಸಂಖ್ಯೆಗೆ. 16 ಇದ್ದದ್ದು 64 ಆಗುತ್ತದೆ, ಅದೂ ಸಾಲದು ಅನಿಸಿದರೆ 256 ಆಗುತ್ತದೆ. ಕೆಲವೊಮ್ಮೆ ಸರ್ವರ್ ಚುರುಕಾಗುವುದೂ ಉಂಟು. ಹೆಚ್ಚಿನ ಸಲ ಏನೂ ಬದಲಾಗುವುದಿಲ್ಲ. ಇನ್ನು ಕೆಲವೊಮ್ಮೆ ಮೊದಲಿಗಿಂತ ಹದಗೆಡುತ್ತದೆ, ಆಗ ಅದು ಯಾಕೆ ಅಂತ ಹುಡುಕುವುದೇ ಹೊಸ ತಲೆನೋವು.

ಹಾಗಾಗಿ ಇಲ್ಲಿ ಸಂಖ್ಯೆಯ ವಿಷಯ ಸ್ವಲ್ಪ ತಡವಾಗಿ ಬರುತ್ತದೆ. ಮೊದಲು ಥ್ರೆಡ್ ನಿಜವಾಗಿ ಸಾಲುತ್ತಿಲ್ಲವೇ ಎಂದು ತಿಳಿಯುವುದು ಹೇಗೆ ಅಂತ ನೋಡೋಣ. ಮಾತು ಎರಡು ಸರ್ವರ್‌ಗಳ ಬಗ್ಗೆ: ಒಂದು 389 ಡೈರೆಕ್ಟರಿ ಸರ್ವರ್ (ಫ್ರೀಐಪಿಎ ಬಳಸುವವರ ಬಳಿ ಇರುವುದೂ ಇದೇ, ರೆಡ್ ಹ್ಯಾಟ್ ಡೈರೆಕ್ಟರಿ ಸರ್ವರ್‌ನ ಬುಡವೂ ಇದೇ), ಇನ್ನೊಂದು ಓಪನ್‌ಎಲ್‌ಡ್ಯಾಪ್. ಎರಡರಲ್ಲೂ ಸೆಟ್ಟಿಂಗ್‌ನ ಹೆಸರು ಬೇರೆ, ಯೋಚನೆ ಒಂದೇ.

ವರ್ಕರ್ ಥ್ರೆಡ್ ಮಾಡುವ ಕೆಲಸ ಏನು

ಲಿಸನರ್ ಥ್ರೆಡ್ ಎಲ್ಲ ಕನೆಕ್ಷನ್‌ಗಳನ್ನೂ ಗಮನಿಸುತ್ತಾ ಇರುತ್ತದೆ. ಯಾವುದಾದರೂ ಕನೆಕ್ಷನ್‌ನಲ್ಲಿ ಡೇಟಾ ಬಂದರೆ ಆ ಕೆಲಸವನ್ನು ಕ್ಯೂಗೆ ಹಾಕುತ್ತದೆ. ಖಾಲಿ ಇರುವ ಒಂದು ವರ್ಕರ್ ಅದನ್ನು ಎತ್ತಿಕೊಂಡು, ರಿಕ್ವೆಸ್ಟ್ ಬಿಡಿಸಿ ಓದಿ, ಡೇಟಾಬೇಸ್‌ನಲ್ಲಿ ಹುಡುಕಿ, ಉತ್ತರ ಕಳಿಸಿ, ಮತ್ತೆ ಕ್ಯೂ ಕಡೆ ಬರುತ್ತದೆ. ಶುರುವಿನಿಂದ ಕೊನೆಯ ತನಕ ಆ ವರ್ಕರ್ ಆ ಒಂದೇ ಆಪರೇಷನ್‌ಗೆ ಕಟ್ಟುಬಿದ್ದಿರುತ್ತದೆ.

ಇದರಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿ ಇದೆ. ವರ್ಕರ್ ಬೇಕಾಗುವುದು ಆಪರೇಷನ್‌ಗೆ, ಕನೆಕ್ಷನ್‌ಗೆ ಅಲ್ಲ. ಐದು ಸಾವಿರ ಕನೆಕ್ಷನ್ ಸುಮ್ನೆ ತೆರೆದು ಕೂತಿದ್ದರೂ ಅವು ಒಂದೇ ಒಂದು ವರ್ಕರ್ ತಿನ್ನುವುದಿಲ್ಲ. ಅವು ತಿನ್ನುವುದು ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಪ್ರತಿ ಫೈಲ್‌ಗೂ ಕನೆಕ್ಷನ್‌ಗೂ ಆಪರೇಟಿಂಗ್ ಸಿಸ್ಟಮ್ ಕೊಡುವ ನಂಬರ್. ಹೊಸ ಕನೆಕ್ಷನ್ ತೆಗೆದುಕೊಳ್ಳುತ್ತಲೇ ಇಲ್ಲ ಎನ್ನುವುದು ನಿಮ್ಮ ಸಮಸ್ಯೆಯಾದರೆ ನೋಡಬೇಕಾದ್ದು ಡಿಸ್ಕ್ರಿಪ್ಟರ್ ಮಿತಿ, ಸಿಸ್ಟಮ್‌ಡಿ ಯೂನಿಟ್‌ನ ಲಿಮಿಟ್‌ನೋಫೈಲ್ ಇತ್ಯಾದಿ. ಥ್ರೆಡ್ ಏರಿಸಿ ಪ್ರಯೋಜನವಿಲ್ಲ.

ಮೊದಲು ಲಾಗ್ ಓದಿ

389ರ ಹೊಸ ಆವೃತ್ತಿಗಳಲ್ಲಿ ಆಕ್ಸೆಸ್ ಲಾಗ್‌ನ ಪ್ರತಿ ರಿಸಲ್ಟ್ ಸಾಲಿನಲ್ಲೂ ಮೂರು ಸಮಯ ಇರುತ್ತವೆ. ಡಬ್ಲ್ಯೂಟೈಮ್ ಅಂದರೆ ಆಪರೇಷನ್ ಕ್ಯೂನಲ್ಲಿ ವರ್ಕರ್‌ಗಾಗಿ ಕಾದ ಹೊತ್ತು. ಆಪ್‌ಟೈಮ್ ಅಂದರೆ ವರ್ಕರ್ ಕೈಗೆ ಸಿಕ್ಕ ಮೇಲೆ ಕೆಲಸ ಮುಗಿಯಲು ಹಿಡಿದ ಹೊತ್ತು. ಈಟೈಮ್ ಒಟ್ಟು ಲೆಕ್ಕ. ಬಹಳ ಜನ ಈಟೈಮ್ ಮಾತ್ರ ನೋಡಿ ಬಿಡುತ್ತಾರೆ, ಆದರೆ ನಮಗೆ ಬೇಕಾದ್ದು ಉಳಿದ ಎರಡು.

ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಡಬ್ಲ್ಯೂಟೈಮ್ 0.000110, ಆಪ್‌ಟೈಮ್ 2.310450. ಎರಡನೆಯದರಲ್ಲಿ ಡಬ್ಲ್ಯೂಟೈಮ್ 1.842300, ಆಪ್‌ಟೈಮ್ 0.000900. ಬಳಸುವವರಿಗೆ ಎರಡೂ ಒಂದೇ ಥರ, ಎರಡು ಸೆಕೆಂಡು ಕಾದರು ಅಷ್ಟೇ. ಮೊದಲನೆಯದಕ್ಕೆ ವರ್ಕರ್ ತಕ್ಷಣ ಸಿಕ್ಕಿದೆ, ಹುಡುಕಾಟವೇ ನಿಧಾನ. ಅದಕ್ಕೆ ಸಾವಿರ ಥ್ರೆಡ್ ಕೊಟ್ಟರೂ ಅದು ಎರಡು ಸೆಕೆಂಡಿನದ್ದೇ. ಎರಡನೆಯದರ ಕೆಲಸ ಒಂದು ಮಿಲಿಸೆಕೆಂಡಿಗಿಂತ ಕಡಿಮೆ, ಕಾದದ್ದೇ ಎಲ್ಲಾ.

ಹಾಗಾದರೆ ಎರಡನೆಯದಕ್ಕೆ ಥ್ರೆಡ್ ಏರಿಸಿದರೆ ಆಯಿತು ಅಲ್ವಾ? ಅಲ್ಲೇ ಎಡವುವುದು. ಡಬ್ಲ್ಯೂಟೈಮ್ ಜಾಸ್ತಿ ಇದ್ದರೆ ವರ್ಕರ್‌ಗಳೆಲ್ಲ ಬ್ಯುಸಿ ಇದ್ದವು ಎಂದಷ್ಟೇ ಗೊತ್ತಾಗುತ್ತದೆ, ಅವು ಕಡಿಮೆ ಇವೆ ಎಂದಲ್ಲ. 16 ವರ್ಕರ್ ಇರುವ ಸರ್ವರ್‌ಗೆ ಯಾವುದೋ ಅಪ್ಲಿಕೇಶನ್ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಮಾಡಿಟ್ಟ ಪಟ್ಟಿ) ಇಲ್ಲದ ಆಟ್ರಿಬ್ಯೂಟ್ (ಹೆಸರು, ಇಮೇಲ್‌ನಂಥ ಒಂದು ವಿವರ) ಮೇಲೆ ಒಟ್ಟಿಗೆ 16 ಸರ್ಚ್ ಎಸೆದರೆ ಸಾಕು, ಆಮೇಲೆ ಬಂದ ಎಲ್ಲರ ಡಬ್ಲ್ಯೂಟೈಮ್ ಏರುತ್ತದೆ, ಪಾಪ ಅವರದ್ದೇನೂ ತಪ್ಪಿಲ್ಲದಿದ್ದರೂ. ಆದ್ದರಿಂದ ಕಾದವರನ್ನು ಬಿಟ್ಟು ಆ ಹೊತ್ತಿನಲ್ಲಿ ಕಾಯಿಸಿದವರು ಯಾರು ಎಂದು ಹುಡುಕಿ. ಅದೇ ನಿಮಿಷದ ಲಾಗ್‌ನಲ್ಲಿ ಆಪ್‌ಟೈಮ್ ದೊಡ್ಡದಿರುವ ಸಾಲುಗಳನ್ನು ತೆಗೆಯಿರಿ, ಅದರಲ್ಲೂ ನೋಟ್ಸ್ ಎಂಬಲ್ಲಿ ಎ ಅಥವಾ ಯು ಗುರುತು ಇರುವವನ್ನು. ಎ ಅಂದರೆ ಫಿಲ್ಟರ್‌ನ (ಹುಡುಕಾಟದ ಷರತ್ತಿನ) ಯಾವ ಆಟ್ರಿಬ್ಯೂಟ್‌ಗೂ ಇಂಡೆಕ್ಸ್ ಸಿಗದೆ ಇಡೀ ಡೇಟಾಬೇಸ್ ಜಾಲಾಡಿದೆ. ಯು ಅಂದರೆ ಒಂದು ಭಾಗಕ್ಕಾದರೂ ಇಂಡೆಕ್ಸ್ ಕೈ ಕೊಟ್ಟಿದೆ. ಇಂಥವು ಸಿಕ್ಕರೆ ಥ್ರೆಡ್ ವಿಷಯ ಅಲ್ಲಿಗೇ ಬಿಟ್ಟು, ಇಂಡೆಕ್ಸ್ ಹಾಕಿ, ರೀಇಂಡೆಕ್ಸ್ ಮಾಡಿ, ಆಮೇಲೆ ಬನ್ನಿ. ಬಹಳ ಸಲ ವಾಪಸ್ ಬರುವ ಅಗತ್ಯವೇ ಇರುವುದಿಲ್ಲ.

ಇಲ್ಲಿ ಎರಡು ಸಣ್ಣ ಎಚ್ಚರಿಕೆ. ಆಕ್ಸೆಸ್ ಲಾಗ್ ಬಫರ್ ಆಗಿ ಡಿಸ್ಕ್‌ಗೆ ಹೋಗುತ್ತದೆ, ಹಾಗಾಗಿ ಟೇಲ್ ಹಾಕಿಕೊಂಡು ಕೂತರೆ ಈ ಕ್ಷಣದ್ದು ಕಾಣುವುದಿಲ್ಲ. ಇನ್ನೊಂದು, ರಿಸಲ್ಟ್ ಸಾಲು ಬರುವುದು ಕೆಲಸ ಮುಗಿದ ಮೇಲೆ. ಈಗಲೂ ಒದ್ದಾಡುತ್ತಿರುವ ಸರ್ಚ್‌ಗೆ ರಿಸಲ್ಟ್ ಸಾಲೇ ಇರುವುದಿಲ್ಲ. ಅಂಥದ್ದನ್ನು ಹಿಡಿಯಬೇಕಾದರೆ ಕನೆಕ್ಷನ್ ನಂಬರ್ ಮತ್ತು ಆಪರೇಷನ್ ನಂಬರ್ ಜೋಡಿಸಿ, ಜೊತೆ ಸಿಗದ ಸರ್ಚ್ ಸಾಲು ಯಾವುದು ಎಂದು ನೋಡಬೇಕು.

ಓಪನ್‌ಎಲ್‌ಡ್ಯಾಪ್‌ನಲ್ಲಿ 2.5ರಿಂದ ಈಚೆಗೆ ಇದೇ ಸೌಕರ್ಯ ಬಂದಿದೆ. ಲಾಗ್ ಲೆವೆಲ್ ಸ್ಟ್ಯಾಟ್ಸ್ ಇದ್ದರೆ ರಿಸಲ್ಟ್ ಸಾಲಿನಲ್ಲಿ ಕ್ಯೂಟೈಮ್ ಮತ್ತು ಈಟೈಮ್ ಎರಡೂ ಬರುತ್ತವೆ. ಕ್ಯೂಟೈಮ್ ಅಂದರೆ ಕ್ಯೂನಲ್ಲಿ ಕಾದ ಹೊತ್ತು. ಇನ್ನೂ 2.4ರಲ್ಲೇ ಇದ್ದರೆ ಇದು ಸಿಗುವುದಿಲ್ಲ, ಮಾನಿಟರ್ ನೋಡಿಯೇ ಊಹಿಸಬೇಕು. ಅಪ್‌ಗ್ರೇಡ್ ಮಾಡಲು ಇದೊಂದೇ ಕಾರಣ ಸಾಕು ಎಂದು ನನಗನಿಸುತ್ತದೆ.

ಮಾನಿಟರ್ ಎಂಟ್ರಿ

389ರಲ್ಲಿ ಸಿಎನ್=ಮಾನಿಟರ್ ಮೇಲೆ ಬೇಸ್ ಸರ್ಚ್ ಮಾಡಿದರೆ ಬಹಳಷ್ಟು ಸಂಖ್ಯೆ ಸಿಗುತ್ತವೆ. ನಮಗೆ ಬೇಕಾದವು ಇಷ್ಟು. ಥ್ರೆಡ್ಸ್: ಈಗ ಎಷ್ಟು ವರ್ಕರ್ ಇವೆ. ಆಪ್ಸ್‌ಇನಿಶಿಯೇಟೆಡ್ ಮತ್ತು ಆಪ್ಸ್‌ಕಂಪ್ಲೀಟೆಡ್: ಇವೆರಡರ ವ್ಯತ್ಯಾಸವೇ ಈ ಕ್ಷಣ ನಡೆಯುತ್ತಿರುವ ಆಪರೇಷನ್‌ಗಳು, ನೀವು ಮಾಡಿದ ಮಾನಿಟರ್ ಸರ್ಚ್ ಕೂಡ ಅದರಲ್ಲಿ ಸೇರಿರುತ್ತದೆ, ಹಾಗಾಗಿ ಏನೂ ಲೋಡ್ ಇಲ್ಲದಿದ್ದರೂ 1 ತೋರಿಸುತ್ತದೆ. ರೀಡ್‌ವೇಟರ್ಸ್: ರಿಕ್ವೆಸ್ಟ್ ಬಂದಿದ್ದರೂ ಯಾವ ಥ್ರೆಡ್ಡೂ ಕೈಗೆತ್ತಿಕೊಳ್ಳದ ಕನೆಕ್ಷನ್‌ಗಳು. ಮ್ಯಾಕ್ಸ್‌ಥ್ರೆಡ್ಸ್‌ಪರ್‌ಕಾನ್‌ಹಿಟ್ಸ್ ಎನ್ನುವುದೂ ಒಂದಿದೆ, ಅದರ ಮಾತು ಕೆಳಗೆ ಬರುತ್ತದೆ.

ನಡೆಯುತ್ತಿರುವ ಆಪರೇಷನ್‌ಗಳು ಥ್ರೆಡ್ ಸಂಖ್ಯೆಯ ಹತ್ತಿರ ಹತ್ತಿರ ಇದ್ದು, ರೀಡ್‌ವೇಟರ್ಸ್ ಸೊನ್ನೆಗೆ ಇಳಿಯದೇ ಇದ್ದರೆ ವರ್ಕರ್‌ಗಳು ಪೂರ್ತಿ ತುಂಬಿವೆ ಎಂದರ್ಥ. ಒಂದು ಸಲ ನೋಡಿ ತೀರ್ಮಾನಕ್ಕೆ ಬರಬೇಡಿ. ಲೋಡ್ ಇರುವ ಹೊತ್ತಿನಲ್ಲಿ ಕೆಲವು ಸೆಕೆಂಡಿಗೊಮ್ಮೆ ತೆಗೆದು ಫೈಲ್‌ಗೆ ಹಾಕಿಕೊಳ್ಳಿ, ಆಮೇಲೆ ಸಮಾಧಾನವಾಗಿ ನೋಡಿ.

ಓಪನ್‌ಎಲ್‌ಡ್ಯಾಪ್‌ನಲ್ಲಿ ಮಾನಿಟರ್ ಬ್ಯಾಕೆಂಡ್ ಆನ್ ಮಾಡಿರಬೇಕು. ಅದಾದ ಮೇಲೆ ಸಿಎನ್=ಥ್ರೆಡ್ಸ್, ಸಿಎನ್=ಮಾನಿಟರ್ ಕೆಳಗೆ ಮ್ಯಾಕ್ಸ್, ಆಕ್ಟಿವ್, ಪೆಂಡಿಂಗ್, ಬ್ಯಾಕ್‌ಲೋಡ್ ಎಂಬ ಎಂಟ್ರಿಗಳು ಸಿಗುತ್ತವೆ. ಆಕ್ಟಿವ್ ಮತ್ತು ಪೆಂಡಿಂಗ್ ಕೂಡಿದರೆ ಬ್ಯಾಕ್‌ಲೋಡ್. ಆಕ್ಟಿವ್ ಹೋಗಿ ಮ್ಯಾಕ್ಸ್‌ಗೆ ಅಂಟಿಕೊಂಡು ಪೆಂಡಿಂಗ್ ಬೆಳೆಯುತ್ತಿದ್ದರೆ ಅದೇ ಕಥೆ. ಪಕ್ಕದಲ್ಲೇ ವೇಟರ್ಸ್ ಎಂಬ ಎಂಟ್ರಿ ಇದೆ, ಅದರಲ್ಲಿ ರೀಡ್ ಬೇರೆ, ರೈಟ್ ಬೇರೆ. ರೈಟ್ ವೇಟರ್ಸ್ ಏರಿದೆ ಅಂದರೆ ಉತ್ತರ ಕಳಿಸಲು ಆಗದೆ ಸರ್ವರ್ ಕಾಯುತ್ತಿದೆ, ಆ ಕಡೆ ಕ್ಲೈಂಟ್ ಓದುತ್ತಿಲ್ಲ.

ವರ್ಕರ್‌ಗಳು ಎಲ್ಲಿ ಸಿಕ್ಕಿಬಿದ್ದಿವೆ?

ತುಂಬಿವೆ ಎಂದು ಗೊತ್ತಾಯಿತು. ಈಗ ಅವು ಏನು ಮಾಡುತ್ತಾ ತುಂಬಿವೆ ಎಂದು ತಿಳಿಯಬೇಕು, ಯಾಕೆಂದರೆ ಥ್ರೆಡ್ ಏರಿಸಬೇಕೋ ಬೇಡವೋ ಎನ್ನುವುದು ಪೂರ್ತಿ ಇದರ ಮೇಲೇ ನಿಂತಿದೆ. ಪಿಸ್ಟ್ಯಾಕ್ ಅಥವಾ ಜಿಡಿಬಿ ಬಳಸಿ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಪ್ರತಿ ಥ್ರೆಡ್ ಈ ಕ್ಷಣ ಯಾವ ಫಂಕ್ಷನ್ ಒಳಗಿದೆ ಎಂಬ ಪಟ್ಟಿ) ತೆಗೆಯಿರಿ, ಡೀಬಗ್ ಸಿಂಬಲ್ ಪ್ಯಾಕೇಜ್ ಹಾಕಿಕೊಂಡಿದ್ದರೆ ಓದಲು ಸುಲಭ. ತೆಗೆಯುವ ಹೊತ್ತಿಗೆ ಪ್ರೊಸೆಸ್ ಒಂದು ಕ್ಷಣ ನಿಲ್ಲುತ್ತದೆ, ಹಾಗಾಗಿ ಲೈವ್ ಸರ್ವರ್ ಮೇಲೆ ಪದೇ ಪದೇ ಓಡಿಸಬೇಡಿ. ಸ್ವಲ್ಪ ಅಂತರ ಬಿಟ್ಟು ಮೂರ್ನಾಲ್ಕು ಸಲ ತೆಗೆದರೆ ಸಾಕು. ಪಕ್ಕದಲ್ಲಿ ಟಾಪ್ ಓಡಿಸಿ ಥ್ರೆಡ್‌ವಾರು ಸಿಪಿಯು ನೋಡಿ.

ಸ್ಟ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇವು.

ಬಹಳಷ್ಟು ವರ್ಕರ್‌ಗಳು ಕಂಡೀಶನ್ ವೇಟ್‌ನಲ್ಲಿ ಹೊಸ ಕೆಲಸಕ್ಕೆ ಕಾಯುತ್ತಾ ಕೂತಿದ್ದರೆ ಅವು ಖಾಲಿ. ನಿಮ್ಮ ಸಮಸ್ಯೆ ಬೇರೆ ಎಲ್ಲೋ ಇದೆ, ನೆಟ್‌ವರ್ಕ್, ಡಿಎನ್‌ಎಸ್ ಅಥವಾ ಅಪ್ಲಿಕೇಶನ್ ಕಡೆ ಹುಡುಕಿ.

ಬಹಳಷ್ಟು ಒಂದೇ ಲಾಕ್ (ಒಂದು ಹೊತ್ತಿಗೆ ಒಬ್ಬರನ್ನೇ ಒಳಬಿಡುವ ಬೀಗ) ಮೇಲೆ ನಿಂತಿದ್ದರೆ ಥ್ರೆಡ್ ಏರಿಸುವುದು ಕೆಟ್ಟ ಯೋಚನೆ. ಕಾಯುವವರ ಸಂಖ್ಯೆ ಬೆಳೆಯುತ್ತದೆ, ಲಾಕ್ ಒಂದೇ.

ಪಾಸ್‌ವರ್ಡ್ ಹ್ಯಾಶ್ ಫಂಕ್ಷನ್ ಒಳಗಿದ್ದರೆ ಅದು ಶುದ್ಧ ಸಿಪಿಯು ಕೆಲಸ. ಬೈಂಡ್, ಅಂದರೆ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಆಪರೇಷನ್, ಬಂದಾಗಲೆಲ್ಲ ಈ ಹ್ಯಾಶ್ ಲೆಕ್ಕ ಹಾಕಬೇಕು. ಪಿಬಿಕೆಡಿಎಫ್2, ಆರ್ಗಾನ್2 ಇವುಗಳನ್ನು ಬೇಕೆಂದೇ ನಿಧಾನ ಮಾಡಿದ್ದಾರೆ, ಪಾಸ್‌ವರ್ಡ್ ಊಹಿಸುವವನಿಗೆ ಕಷ್ಟವಾಗಲಿ ಎಂದು. ಒಂದು ಹ್ಯಾಶ್‌ಗೆ 20 ಮಿಲಿಸೆಕೆಂಡು ಹಿಡಿಯುತ್ತದೆ ಅಂದುಕೊಳ್ಳಿ. ಒಂದು ಕೋರ್ ಸೆಕೆಂಡಿಗೆ 50 ಬೈಂಡ್ ಮಾಡಬಲ್ಲದು, ಎಂಟು ಕೋರ್ 400. ಅಲ್ಲಿಗೆ ಮುಗಿಯಿತು. ಎಂಟು ಕೋರ್‌ಗೆ 200 ಥ್ರೆಡ್ ಕೊಟ್ಟರೂ 400 ಅನ್ನುವುದು 401 ಆಗುವುದಿಲ್ಲ, ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಇಲ್ಲಿ ನಿಜವಾದ ಪರಿಹಾರ ಬೈಂಡ್ ಕಡಿಮೆ ಮಾಡುವುದು. ಪ್ರತಿ ರಿಕ್ವೆಸ್ಟ್‌ಗೂ ಸರ್ವಿಸ್ ಅಕೌಂಟ್‌ನಿಂದ ಹೊಸದಾಗಿ ಬೈಂಡ್ ಮಾಡುವ ಅಪ್ಲಿಕೇಶನ್‌ಗಳು ಬೇಕಾದಷ್ಟಿವೆ, ಅವಕ್ಕೆ ಕನೆಕ್ಷನ್ ತೆರೆದಿಟ್ಟುಕೊಳ್ಳಲು ಹೇಳಿ. ಅದಾಗದಿದ್ದರೆ ಇನ್ನೊಂದು ರೆಪ್ಲಿಕಾ (ಅದೇ ಡೇಟಾ ಇರುವ ಜೋಡಿ ಸರ್ವರ್) ಸೇರಿಸಿ.

ಇನ್ನು ಡಿಸ್ಕ್ ಓದಲು ಕಾಯುತ್ತಿದ್ದರೆ, ಅಥವಾ ಪಾಸ್‌ಥ್ರೂ ಬೈಂಡ್ ಎಂದೋ ಚೈನಿಂಗ್ ಎಂದೋ ಇನ್ನೊಂದು ಸರ್ವರ್‌ನ ಉತ್ತರಕ್ಕೆ ಕಾಯುತ್ತಿದ್ದರೆ, ಆಗ ಸಿಪಿಯು ಖಾಲಿ ಇರುತ್ತದೆ, ವರ್ಕರ್ ಮಾತ್ರ ಸಿಕ್ಕಿಬಿದ್ದಿರುತ್ತದೆ. ಥ್ರೆಡ್ ಏರಿಸಿದರೆ ನಿಜವಾಗಿ ಲಾಭ ಸಿಗುವುದು ಇಂಥಲ್ಲೇ. ಆದರೂ ಡಿಸ್ಕ್ ಆದರೆ ಮೊದಲು ಕ್ಯಾಶ್ ದೊಡ್ಡದು ಮಾಡಿ ನೋಡಿ, ಮೆಮೊರಿಯಿಂದ ಸಿಗುವ ಎಂಟ್ರಿಗೆ ಕಾಯುವುದೇ ಇರುವುದಿಲ್ಲ.

ಎಷ್ಟು ಬೇಕು ಎಂಬ ಲೆಕ್ಕ

ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೆಕೆಂಡಿಗೆ ಬರುವ ಆಪರೇಷನ್‌ಗಳನ್ನು ಒಂದಕ್ಕೆ ಹಿಡಿಯುವ ಸರಾಸರಿ ಸೆಕೆಂಡುಗಳಿಂದ ಗುಣಿಸಿ. ಬಂದದ್ದೇ ಸರಾಸರಿ ಎಷ್ಟು ವರ್ಕರ್ ಬ್ಯುಸಿ ಇರುತ್ತವೆ ಎನ್ನುವ ಸಂಖ್ಯೆ. ಸರಾಸರಿಗೆ ಈಟೈಮ್ ಹಿಡಿಯಬೇಡಿ, ಆಪ್‌ಟೈಮ್ ಹಿಡಿಯಿರಿ.

ಸೆಕೆಂಡಿಗೆ 3000 ಸರ್ಚ್, ಒಂದಕ್ಕೆ 1 ಮಿಲಿಸೆಕೆಂಡು. ಗುಣಿಸಿದರೆ 3. ಹೌದು, ಮೂರೇ ಮೂರು ವರ್ಕರ್. ಒಮ್ಮೆಲೇ ನುಗ್ಗಿ ಬರುವ ಲೋಡ್‌ಗೆ ಧಾರಾಳವಾಗಿ ಬಿಟ್ಟರೂ 16 ಸಾಕು. ಅದೇ 3000 ಸರ್ಚ್ ಒಂದೊಂದಕ್ಕೆ 50 ಮಿಲಿಸೆಕೆಂಡು ಹಿಡಿದರೆ 150 ವರ್ಕರ್ ಬೇಕು. ಈ ಎರಡರ ನಡುವೆ ಬದಲಾದದ್ದು ಲೋಡ್ ಅಲ್ಲ, ಒಂದು ಆಪರೇಷನ್‌ನ ಹೊತ್ತು. ಅದನ್ನು 50ರಿಂದ 5ಕ್ಕೆ ಇಳಿಸಲು ಮಾಡುವ ಕೆಲಸ, ಥ್ರೆಡ್ 16ರಿಂದ 150ಕ್ಕೆ ಏರಿಸುವುದಕ್ಕಿಂತ ಯಾವತ್ತೂ ಲೇಸು.

ಸಂಖ್ಯೆ ಹಾಕುವುದು: 389

ಸೆಟ್ಟಿಂಗ್‌ನ ಹೆಸರು ಎನ್‌ಎಸ್‌ಸ್ಲ್ಯಾಪ್‌ಡಿ-ಥ್ರೆಡ್‌ನಂಬರ್, ಇರುವುದು ಸಿಎನ್=ಕಾನ್ಫಿಗ್‌ನಲ್ಲಿ. ಡಿಎಸ್‌ಕಾನ್ಫ್ ಟೂಲ್‌ನ ಕಾನ್ಫಿಗ್ ರಿಪ್ಲೇಸ್ ಕಮಾಂಡ್‌ನಿಂದ ಬದಲಿಸಬಹುದು. ಹಳೆಯ ಆವೃತ್ತಿಗಳಲ್ಲಿ ಡೀಫಾಲ್ಟ್ 30 ಇತ್ತು. ಈಗಿನವುಗಳಲ್ಲಿ ಮೈನಸ್ 1, ಅಂದರೆ ಸರ್ವರೇ ಕೋರ್ ಎಣಿಸಿ ತೀರ್ಮಾನಿಸುತ್ತದೆ: 16ಕ್ಕಿಂತ ಕಡಿಮೆ ಹಾರ್ಡ್‌ವೇರ್ ಥ್ರೆಡ್ ಇದ್ದರೂ 16, ಅದಕ್ಕಿಂತ ಜಾಸ್ತಿ ಇದ್ದರೆ ಅಷ್ಟೇ, 512ರ ಮೇಲೆ ಹೋಗುವುದಿಲ್ಲ.

ನಾನು ಹೇಳುವುದಾದರೆ ಮೈನಸ್ 1ರಲ್ಲೇ ಶುರು ಮಾಡಿ. ಹಳೆಯ ಸರ್ವರ್‌ನಿಂದ ಕಾನ್ಫಿಗ್ ಹೊತ್ತು ತಂದಿದ್ದರೆ ಅದರಲ್ಲಿ 30 ಎಂದು ಬರೆದೇ ಇರಬಹುದು, ಅಥವಾ ಹಿಂದೆ ಯಾರೋ ಯಾವುದೋ ಕಾರಣಕ್ಕೆ 120 ಹಾಕಿ ಹೋಗಿರಬಹುದು, ಒಮ್ಮೆ ನೋಡಿಕೊಳ್ಳಿ. ಆಟೋ ಇದ್ದಾಗ ಸೆಟ್ಟಿಂಗ್ ಓದಿದರೆ ಮೈನಸ್ 1 ಕಾಣುವುದಿಲ್ಲ, ಸರ್ವರ್ ಲೆಕ್ಕ ಹಾಕಿದ ಸಂಖ್ಯೆಯೇ ಕಾಣುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಬದಲಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿ, ಮಾನಿಟರ್‌ನ ಥ್ರೆಡ್ಸ್ ಸಂಖ್ಯೆ ನಿಮ್ಮ ನಿರೀಕ್ಷೆಯಂತೆ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಕಂಟೇನರ್‌ನಲ್ಲಿ ಓಡಿಸುವವರು ಈ ಖಾತ್ರಿಯನ್ನು ಬಿಡಲೇಬೇಡಿ. ಯಂತ್ರದಲ್ಲಿ 64 ಕೋರ್ ಇರುತ್ತವೆ, ನಿಮ್ಮ ಕಂಟೇನರ್‌ಗೆ ಸಿಪಿಯು ಕೋಟಾ 2 ಕೋರ್‌ನಷ್ಟು. ಸರ್ವರ್ 64 ಎಂದು ಎಣಿಸಿಕೊಂಡು ಅಷ್ಟು ವರ್ಕರ್ ಹುಟ್ಟಿಸಿದರೆ, ಅವೆಲ್ಲ ಒಟ್ಟಿಗೆ ಎದ್ದು ಕೋಟಾವನ್ನು ಕ್ಷಣದಲ್ಲಿ ಖಾಲಿ ಮಾಡುತ್ತವೆ, ಆಮೇಲೆ ಕರ್ನಲ್ ಮುಂದಿನ ಅವಧಿಯ ತನಕ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಹೊರಗಿನಿಂದ ನೋಡಿದರೆ ಸಿಪಿಯು ಬಳಕೆ ಸರಾಸರಿಯಲ್ಲಿ ಕಡಿಮೆಯೇ, ಉತ್ತರ ಮಾತ್ರ ತಡ. ಸಿಗ್ರೂಪ್‌ನ (ಕಂಟೇನರ್‌ಗೆ ಕೋಟಾ ಹಾಕುವ ಕರ್ನಲ್ ವ್ಯವಸ್ಥೆಯ) ಸಿಪಿಯು.ಸ್ಟ್ಯಾಟ್ ಫೈಲ್‌ನಲ್ಲಿ ಎನ್‌ಆರ್_ಥ್ರಾಟಲ್ಡ್ ಏರುತ್ತಿದ್ದರೆ ಇದೇ ಕಾರಣ. ಇಲ್ಲಿ ಆಟೋ ಬಿಟ್ಟು ಕೈಯಿಂದ 16 ಹಾಕುವುದೇ ಸರಿ.

ಸಂಖ್ಯೆ ಹಾಕುವುದು: ಓಪನ್‌ಎಲ್‌ಡ್ಯಾಪ್

ಇಲ್ಲಿ ಓಎಲ್‌ಸಿಥ್ರೆಡ್ಸ್, ಡೀಫಾಲ್ಟ್ 16, ಕನಿಷ್ಠ 2. ಒಂದು ಕೋರ್‌ಗೆ 4 ಥ್ರೆಡ್ ಎಂಬ ಸಲಹೆ ಅವರದೇ ಕೈಪಿಡಿಯಲ್ಲಿದೆ, ಓದುವ ಲೋಡ್‌ಗೆ 16ರ ಮೇಲೆ ಹೋಗಬೇಡಿ ಎಂಬರ್ಥದ ಮಾತೂ ಅಲ್ಲೇ ಇದೆ. ಎರಡನ್ನೂ ವೇದವಾಕ್ಯ ಮಾಡಿಕೊಳ್ಳಬೇಡಿ, ಆದರೆ ಶುರು ಮಾಡಲು 16 ಒಳ್ಳೆಯ ಜಾಗ.

ಕೋರ್ ಬಹಳ ಇರುವ ಯಂತ್ರವಾದರೆ ಇನ್ನೆರಡು ಸೆಟ್ಟಿಂಗ್ ನೋಡಿ. ಓಎಲ್‌ಸಿಲಿಸನರ್‌ಥ್ರೆಡ್ಸ್ ಕನೆಕ್ಷನ್ ಗಮನಿಸುವ ಥ್ರೆಡ್‌ಗಳ ಸಂಖ್ಯೆ. ಡೀಫಾಲ್ಟ್ 1, ಸುಮಾರು 16 ಕೋರ್ ತನಕ ಅದೇ ಸಾಕು, ಏರಿಸುವುದಾದರೆ 2, 4 ಹೀಗೆ ಎರಡರ ಘಾತವೇ ಇರಲಿ. ಓಎಲ್‌ಸಿಥ್ರೆಡ್‌ಕ್ಯೂಸ್ 2.5ರಲ್ಲಿ ಬಂದದ್ದು, ವರ್ಕರ್‌ಗಳ ಮುಂದಿರುವ ಕ್ಯೂವನ್ನು ಭಾಗ ಮಾಡುತ್ತದೆ. ಅದರ ಡೀಫಾಲ್ಟೂ 1, ಅದು ಸುಮಾರು 8 ಕೋರ್‌ಗೆ ಸಾಕು. ಒಂದೇ ಕ್ಯೂನ ಲಾಕ್‌ಗೆ ಎಲ್ಲ ಥ್ರೆಡ್ಡೂ ಕಿತ್ತಾಡುವುದು ದೊಡ್ಡ ಯಂತ್ರಗಳಲ್ಲಿ ಕಾಣುವ ಸಮಸ್ಯೆ, ಅಲ್ಲಿ ಥ್ರೆಡ್ ಏರಿಸುವುದಕ್ಕಿಂತ ಕ್ಯೂ ಭಾಗ ಮಾಡಿದರೆ ಜಾಸ್ತಿ ಗುಣ.

ಥ್ರೆಡ್ 100 ದಾಟಿಸುವ ಯೋಚನೆ ಇದ್ದರೆ ಎಂಡಿಬಿ ಡೇಟಾಬೇಸ್‌ನ (ಎಲ್‌ಎಂಡಿಬಿ ಬಳಸುವ ಓಪನ್‌ಎಲ್‌ಡ್ಯಾಪ್ ಬ್ಯಾಕೆಂಡ್‌ನ) ಓಎಲ್‌ಸಿಡಿಬಿಮ್ಯಾಕ್ಸ್‌ರೀಡರ್ಸ್ ನೆನಪಿರಲಿ. ಒಟ್ಟಿಗೆ ಎಷ್ಟು ಥ್ರೆಡ್ ಓದಬಹುದು ಎಂಬ ಮಿತಿ ಅದು, ಡೀಫಾಲ್ಟ್ 126. ಡೇಟಾಬೇಸನ್ನು ಫೈಲ್‌ಗೆ ಇಳಿಸುವ ಸ್ಲ್ಯಾಪ್‌ಕ್ಯಾಟ್‌ನಂಥ ಟೂಲ್ ಓಡಿಸಿದರೆ ಅದಕ್ಕೂ ಒಂದು ಜಾಗ ಬೇಕು. ಥ್ರೆಡ್ 128 ಮಾಡಿ ಇದನ್ನು ಹಾಗೇ ಬಿಟ್ಟರೆ ಲೋಡ್ ಇಲ್ಲದಾಗ ಎಲ್ಲ ಸರಿ ಇರುತ್ತದೆ, ಲೋಡ್ ಏರಿದ ದಿನ ವಿಚಿತ್ರ ಎರರ್ ಬರುತ್ತದೆ.

ಇನ್ನು ಓಎಲ್‌ಸಿಟೂಲ್‌ಥ್ರೆಡ್ಸ್ ಬರೀ ಸ್ಲ್ಯಾಪ್‌ಆಡ್ ತರಹದ ಟೂಲ್‌ಗಳಿಗೆ. ಲೈವ್ ಸರ್ವರ್‌ನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದೇ ಕನೆಕ್ಷನ್ ಎಲ್ಲ ನುಂಗಿದರೆ

ಕೆಲವು ಅಪ್ಲಿಕೇಶನ್‌ಗಳು ಒಂದೇ ಕನೆಕ್ಷನ್ ತೆರೆದು ಅದರ ಮೇಲೇ ನೂರಾರು ರಿಕ್ವೆಸ್ಟ್ ಒಟ್ಟಿಗೆ ಕಳಿಸುತ್ತವೆ. 389ರಲ್ಲಿ ಇದಕ್ಕೆ ಕಡಿವಾಣ ಎನ್‌ಎಸ್‌ಸ್ಲ್ಯಾಪ್‌ಡಿ-ಮ್ಯಾಕ್ಸ್‌ಥ್ರೆಡ್ಸ್‌ಪರ್‌ಕಾನ್, ಡೀಫಾಲ್ಟ್ 5. ಅಂದರೆ ಸರ್ವರ್‌ನಲ್ಲಿ ಎಷ್ಟೇ ವರ್ಕರ್ ಖಾಲಿ ಇರಲಿ, ಒಂದು ಕನೆಕ್ಷನ್‌ಗೆ ಒಮ್ಮೆಗೆ ಐದೇ. ಮಿತಿ ಮುಟ್ಟಿದಾಗಲೆಲ್ಲ ಮೇಲೆ ಹೇಳಿದ ಮ್ಯಾಕ್ಸ್‌ಥ್ರೆಡ್ಸ್‌ಪರ್‌ಕಾನ್‌ಹಿಟ್ಸ್ ಏರುತ್ತದೆ. ಈ ಸಂಖ್ಯೆ ದಬದಬ ಏರುತ್ತಿದ್ದು, ವರ್ಕರ್‌ಗಳು ಅರ್ಧಕ್ಕರ್ಧ ಖಾಲಿ ಇದ್ದು, ಒಂದು ಅಪ್ಲಿಕೇಶನ್ ಮಾತ್ರ ನಿಧಾನ ಎಂದು ಗೋಳಾಡುತ್ತಿದ್ದರೆ ಒಟ್ಟು ಥ್ರೆಡ್ ಏರಿಸಿ ಏನೂ ಆಗುವುದಿಲ್ಲ.

ಆಗ ಈ 5 ಅನ್ನೇ ಏರಿಸಬಹುದು, ಆದರೆ ಲೆಕ್ಕ ನೋಡಿ. 16 ವರ್ಕರ್ ಇದ್ದು ಕನೆಕ್ಷನ್‌ಗೆ 5 ಇದ್ದಾಗಲೇ ಮೂರು ಭಾರದ ಕನೆಕ್ಷನ್ ಸೇರಿ 15 ಹಿಡಿದಿಟ್ಟುಕೊಳ್ಳಬಹುದು, ಉಳಿದ ಜಗತ್ತಿಗೆಲ್ಲ ಒಂದು. ಅದನ್ನು 16 ಮಾಡಿದರೆ ಒಂದೇ ಕನೆಕ್ಷನ್ ಸಾಕು ಸರ್ವರ್ ಮಲಗಿಸಲು. ನನ್ನ ಮಟ್ಟಿಗೆ ಸರಿಯಾದ ದಾರಿ ಅಪ್ಲಿಕೇಶನ್ ಕಡೆ ಕನೆಕ್ಷನ್ ಪೂಲ್ ಸ್ವಲ್ಪ ದೊಡ್ಡದು ಮಾಡಿಸುವುದು. ಸರ್ವರ್ ನೋಡುವವರ ಮಾತನ್ನು ಅಪ್ಲಿಕೇಶನ್‌ನವರು ಕೇಳುವುದು ಅಪರೂಪ ಎನ್ನುವುದು ಬೇರೆ ಮಾತು, ಮಾನಿಟರ್‌ನ ಸಂಖ್ಯೆ ಜೊತೆಗಿಟ್ಟರೆ ಕೇಳುವ ಸಾಧ್ಯತೆ ಜಾಸ್ತಿ.

ಓಪನ್‌ಎಲ್‌ಡ್ಯಾಪ್‌ನಲ್ಲಿ ಹೀಗೆ ನೇರ ಸೆಟ್ಟಿಂಗ್ ಇಲ್ಲ. ಒಂದು ಕನೆಕ್ಷನ್ ಒಟ್ಟು ಥ್ರೆಡ್‌ಗಳ ಅರ್ಧದಷ್ಟು ಹಿಡಿದ ಮೇಲೆ ಉಳಿದ ರಿಕ್ವೆಸ್ಟ್‌ಗಳನ್ನು ಸರ್ವರ್ ತಾನೇ ಮುಂದೂಡುತ್ತದೆ, ಲಾಗ್‌ನಲ್ಲಿ ಡಿಫರಿಂಗ್ ಆಪರೇಷನ್, ಟೂ ಮೆನಿ ಎಕ್ಸಿಕ್ಯೂಟಿಂಗ್ ಎಂಬ ಸಾಲು ಕಾಣುತ್ತದೆ. ಹೀಗೆ ಮುಂದೂಡಿದ್ದು ಅನಾಮಧೇಯ ಕನೆಕ್ಷನ್‌ಗೆ 100, ಬೈಂಡ್ ಆದ ಕನೆಕ್ಷನ್‌ಗೆ 1000 ದಾಟಿದರೆ ಕನೆಕ್ಷನ್ನೇ ಮುಚ್ಚಿಬಿಡುತ್ತದೆ. ಓಎಲ್‌ಸಿಕಾನ್‌ಮ್ಯಾಕ್ಸ್‌ಪೆಂಡಿಂಗ್ ಮತ್ತು ಅದರ ಆಥ್ ಜೋಡಿಯ ಡೀಫಾಲ್ಟ್ ಇವು.

ಓದದ ಕ್ಲೈಂಟ್

ಇದು ಕಣ್ಣಿಗೆ ಬೀಳದ ಕಳ್ಳ. ಒಂದು ಕ್ಲೈಂಟ್ ದೊಡ್ಡ ಸರ್ಚ್ ಕೇಳುತ್ತದೆ, ಸಾವಿರಾರು ಎಂಟ್ರಿ ಬರಲು ಶುರುವಾಗುತ್ತವೆ, ಅಷ್ಟರಲ್ಲಿ ಕ್ಲೈಂಟ್ ಓದುವುದನ್ನು ನಿಲ್ಲಿಸುತ್ತದೆ. ಸಾಕೆಟ್ ಬಫರ್ ತುಂಬುತ್ತದೆ, ವರ್ಕರ್ ಬರೆಯಲಾಗದೆ ಅಲ್ಲೇ ನಿಲ್ಲುತ್ತದೆ. ಸಿಪಿಯು ಇಲ್ಲ, ಡಿಸ್ಕ್ ಇಲ್ಲ, ಆದರೂ ವರ್ಕರ್ ಹೋಯಿತು. ಇಂಥ ಹತ್ತು ಕ್ಲೈಂಟ್ ಸೇರಿದರೆ 16ರಲ್ಲಿ 10 ಹೋದಂತೆ.

389ರಲ್ಲಿ ಎನ್‌ಎಸ್‌ಸ್ಲ್ಯಾಪ್‌ಡಿ-ಐಓಬ್ಲಾಕ್‌ಟೈಮ್‌ಔಟ್ ಇದಕ್ಕಾಗಿಯೇ ಇರುವುದು, ಲೆಕ್ಕ ಮಿಲಿಸೆಕೆಂಡಿನಲ್ಲಿ. ಈಗಿನ ಡೀಫಾಲ್ಟ್ 10000, ಅಂದರೆ ಹತ್ತು ಸೆಕೆಂಡು, ಅದು ಸಾಕು. ಹಳೆಯ ಕಾನ್ಫಿಗ್‌ನಲ್ಲಿ ಇದು ತುಂಬಾ ದೊಡ್ಡದಿದ್ದರೆ ಇಳಿಸಿ. ಓಪನ್‌ಎಲ್‌ಡ್ಯಾಪ್‌ನ ಓಎಲ್‌ಸಿರೈಟ್‌ಟೈಮ್‌ಔಟ್ ಡೀಫಾಲ್ಟ್ 0, ಅಂದರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಅದನ್ನು ಹಾಗೇ ಬಿಡಬೇಡಿ, 30 ಸೆಕೆಂಡಿನಂಥ ಒಂದು ಮಿತಿ ಹಾಕಿ.

ಬರವಣಿಗೆ ಜಾಸ್ತಿ ಇದ್ದರೆ

ಡೇಟಾ ಇಟ್ಟುಕೊಳ್ಳುವ ಎಲ್‌ಎಂಡಿಬಿಯಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ಓದುವವರಿಗೆ ಅಡ್ಡಿಯಿಲ್ಲ, ಆದರೆ ಇನ್ನೊಬ್ಬರು ಬರೆಯಬೇಕಾದರೆ ಸರದಿ ಕಾಯಬೇಕು. 389ರ ಹಳೆಯ ಬರ್ಕ್ಲಿ ಡಿಬಿ ಬ್ಯಾಕೆಂಡ್‌ನಲ್ಲೂ ಒಂದು ಬ್ಯಾಕೆಂಡ್‌ಗೆ ಬರುವ ಬದಲಾವಣೆಗಳು ಒಂದರ ಹಿಂದೆ ಒಂದು. ಹಾಗಾಗಿ ಥ್ರೆಡ್ ಏರಿಸಿ ಮಾಡಿಫೈ (ಎಂಟ್ರಿ ಬದಲಿಸುವ ಆಪರೇಷನ್) ವೇಗ ಏರಿಸಲಾಗದು.

ಯಾರು ಯಾವ ಗ್ರೂಪ್‌ನಲ್ಲಿದ್ದಾರೆ ಎಂದು ಸದಸ್ಯರ ಎಂಟ್ರಿಯಲ್ಲೇ ಬರೆದಿಡುವ ಮೆಂಬರ್‌ಆಫ್ ಪ್ಲಗಿನ್ ಆನ್ ಇದ್ದು ದೊಡ್ಡ ಗ್ರೂಪ್‌ಗೆ ಕೈ ಹಾಕಿದರೆ ಒಂದು ಮಾಡಿಫೈ ಅದರ ಸದಸ್ಯರನ್ನೆಲ್ಲ ಮುಟ್ಟಿ ಬರಬೇಕಾಗಬಹುದು. ಆ ಹೊತ್ತಿನಲ್ಲಿ ಯಾವುದೋ ಸಿಂಕ್ ಸ್ಕ್ರಿಪ್ಟ್ ಬೇರೆ ಬೇರೆ ಕನೆಕ್ಷನ್‌ಗಳಿಂದ ಇನ್ನೂ 40 ಮಾಡಿಫೈ ಒಟ್ಟಿಗೆ ಎಸೆದರೆ, ಒಂದು ಕೆಲಸ ಮಾಡುತ್ತಿರುತ್ತದೆ, ಉಳಿದವು ತಲಾ ಒಂದೊಂದು ವರ್ಕರ್ ಹಿಡಿದುಕೊಂಡು ಸರದಿ ಕಾಯುತ್ತಿರುತ್ತವೆ, ಅತ್ತ ಲಾಗಿನ್ ಆಗಬೇಕಾದವರ ಪುಟ್ಟ ಸರ್ಚ್‌ಗೆ ವರ್ಕರ್ ಇಲ್ಲ. ಲಾಕ್‌ಗೆ ಕಾಯುತ್ತಿದ್ದರೂ ಇಂಥಲ್ಲಿ ಥ್ರೆಡ್ ಏರಿಸುವುದಕ್ಕೆ ಸ್ವಲ್ಪ ಅರ್ಥವಿದೆ: ಬರವಣಿಗೆ ವೇಗವಾಗದಿದ್ದರೂ ಓದುವವರಿಗೆ ಖಾಲಿ ವರ್ಕರ್ ಸಿಗುತ್ತದೆ. ಸ್ಕ್ರಿಪ್ಟ್‌ನವರು ಒಮ್ಮೆಗೆ ಒಂದೋ ಎರಡೋ ಕಳಿಸಿದರೆ ಅದೂ ಬೇಕಾಗುವುದಿಲ್ಲ, ಒಟ್ಟು ಮುಗಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ.

ಟರ್ಬೊ ಮೋಡ್

389ರಲ್ಲಿ ಎನ್‌ಎಸ್‌ಸ್ಲ್ಯಾಪ್‌ಡಿ-ಎನೇಬಲ್-ಟರ್ಬೊ-ಮೋಡ್ ಅಂತ ಒಂದಿದೆ, ಡೀಫಾಲ್ಟ್ ಆನ್. ಬಹಳ ಚಟುವಟಿಕೆ ಇರುವ ಕನೆಕ್ಷನ್‌ಗೆ ಒಂದು ವರ್ಕರ್ ಅಂಟಿಕೊಂಡು ಅಲ್ಲಿಂದಲೇ ಓದುತ್ತಾ ಹೋಗುತ್ತದೆ. ಆ ಕನೆಕ್ಷನ್‌ಗೆ ಹಬ್ಬ, ಉಳಿದವರಿಗೆ ಒಂದು ವರ್ಕರ್ ಕಡಿಮೆ. ಬೈಂಡ್‌ಗಳ ಈಟೈಮ್ ಒಂದು ಸೆಕೆಂಡು ದಾಟುತ್ತಿದ್ದು ಬೇರೆ ಕಾರಣ ಸಿಗದಿದ್ದರೆ ಇದನ್ನು ಆಫ್ ಮಾಡಿ ನೋಡಿ. ನೆಟ್‌ವರ್ಕ್ ಅಥವಾ ಹಾರ್ಡ್‌ವೇರ್ ತೊಂದರೆಯಾಗಿದ್ದರೆ ಇದರಿಂದ ಏನೂ ಬದಲಾಗದು.

ಬದಲಿಸಿ ಅಳೆಯುವುದು

ಒಮ್ಮೆಗೆ ಒಂದೇ ಸೆಟ್ಟಿಂಗ್. 16ರಿಂದ 32, 32ರಿಂದ 64, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ, 18, 20 ಎಂದು ಇಂಚಿಂಚು ಏರಿಸಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 389 ಜೊತೆ ಬರುವ ಎಲ್‌ಡಿಸಿಎಲ್‌ಟಿ ಅಥವಾ ಸರ್ಚ್‌ರೇಟ್‌ನಂಥ ಟೂಲ್‌ನಿಂದ ಲೋಡ್ ಹಾಕಿ, ಅದು ಬೇರೆ ಯಂತ್ರದಿಂದ ಬರಲಿ, ಇಲ್ಲದಿದ್ದರೆ ಟೂಲೇ ಕೋರ್ ತಿಂದುಬಿಡುತ್ತದೆ. ಬರೀ ಸರ್ಚ್ ಹಾಕಬೇಡಿ, ನಿಮ್ಮ ಲಾಗ್‌ನಲ್ಲಿ ಬೈಂಡ್, ಸರ್ಚ್, ಮಾಡಿಫೈ ಯಾವ ಪ್ರಮಾಣದಲ್ಲಿವೆಯೋ ಅದೇ ಪ್ರಮಾಣ ಇರಲಿ. ರೀಸ್ಟಾರ್ಟ್ ಆದ ಕೂಡಲೇ ಬಂದ ಸಂಖ್ಯೆ ಬಿಟ್ಟುಬಿಡಿ, ಕ್ಯಾಶ್ ಖಾಲಿ ಇರುತ್ತದೆ. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಅಳೆಯಿರಿ.

ಸರಾಸರಿ ನೋಡಿ ಮೋಸ ಹೋಗಬೇಡಿ. ನೂರರಲ್ಲಿ 99 ಆಪರೇಷನ್ ಎಷ್ಟರೊಳಗೆ ಮುಗಿದವು ಎಂದು ನೋಡಿ, ದೂರು ಬರುವುದು ಆ ಉಳಿದ ಒಂದರಿಂದಲೇ. ಪಕ್ಕದಲ್ಲಿ ವಿಎಂಸ್ಟ್ಯಾಟ್ ಓಡಿಸಿ ಸಿಎಸ್ ಕಾಲಂ, ಅಂದರೆ ಕಾಂಟೆಕ್ಸ್ಟ್ ಸ್ವಿಚ್, ಗಮನಿಸಿ. ಥ್ರೆಡ್ ದುಪ್ಪಟ್ಟಾಗಿ, ಸೆಕೆಂಡಿಗೆ ಮುಗಿಯುವ ಆಪರೇಷನ್ ಅಷ್ಟೇ ಇದ್ದು, ಸ್ವಿಚ್ ಮಾತ್ರ ಜಿಗಿದಿದ್ದರೆ ಮಿತಿ ದಾಟಿದ್ದೀರಿ, ಹಿಂದಿನ ಸಂಖ್ಯೆಗೆ ಮರಳಿ.

ಮೆಮೊರಿಯನ್ನೂ ಒಮ್ಮೆ ನೋಡಿ. ಥ್ರೆಡ್ ಸ್ಟ್ಯಾಕ್‌ಗಿಂತ ಜಿಲಿಬ್‌ಸಿಯ (ಲಿನಕ್ಸ್‌ನ ಸಿ ಲೈಬ್ರರಿಯ) ಮ್ಯಾಲಾಕ್ ಅರೇನಾಗಳು, ಅಂದರೆ ಥ್ರೆಡ್‌ಗಳಿಗೆ ಮೆಮೊರಿ ಹಂಚಲು ಅದು ಇಟ್ಟುಕೊಳ್ಳುವ ತುಂಡುಗಳು, ಇಲ್ಲಿ ಜಾಸ್ತಿ ತೊಂದರೆ ಕೊಡುತ್ತವೆ. 64 ಬಿಟ್ ಯಂತ್ರದಲ್ಲಿ ಕೋರ್‌ಗೆ 8ರಂತೆ ಅರೇನಾ ಹುಟ್ಟಬಹುದು, ಥ್ರೆಡ್ ಜಾಸ್ತಿಯಾದಷ್ಟೂ ಅವು ತುಂಬಿ, ಚೂರುಚೂರಾದ ಮೆಮೊರಿ ವಾಪಸ್ ಬರುವುದೇ ಇಲ್ಲ. ಥ್ರೆಡ್ ಏರಿಸಿದ ಮೇಲೆ ಪ್ರೊಸೆಸ್ ಗಾತ್ರ ದಿನದಿಂದ ದಿನಕ್ಕೆ ಊದುತ್ತಿದ್ದರೆ ಲೀಕ್ ಎಂದು ಬಗ್ ಹಾಕುವ ಮೊದಲು ಅರೇನಾಗಳ ಮಿತಿ ಹಾಕುವ ಎನ್ವಿರಾನ್‌ಮೆಂಟ್ ವೇರಿಯಬಲ್ ಮ್ಯಾಲಾಕ್_ಅರೇನಾ_ಮ್ಯಾಕ್ಸ್ ಇಳಿಸಿ ನೋಡಿ.

ಕೊನೆಗೆ ಕೈಯಿಂದ ಸಂಖ್ಯೆ ಹಾಕಿದ್ದೇ ಆದರೆ, ಯಾವ ಯಂತ್ರಕ್ಕೆ, ಎಷ್ಟು ಕೋರ್ ಇದ್ದಾಗ, ಯಾವ ಡಬ್ಲ್ಯೂಟೈಮ್ ನೋಡಿ ಹಾಕಿದಿರಿ ಎಂದು ಬದಲಾವಣೆಯ ಟಿಕೆಟ್‌ನಲ್ಲೇ ಬರೆದಿಡಿ. ಮುಂದಿನ ವರ್ಷ ವಿಎಂಗೆ ಕೋರ್ ಸೇರಿಸಿದವರು 48 ಎಂಬ ಸಂಖ್ಯೆ ನೋಡಿ ಅದನ್ನು ಮುಟ್ಟಬಹುದೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.